ಒಂದೇ ಕಣದಿಂದ ಬೆಳೆದ ತಿಳಿ ಬಿಯರ್

ಲಾಗರ್ ಎಂದರೆ ರುಚಿಯಿಲ್ಲದ ಬಿಯರ್ ಎಂದು ಹಗುರವಾಗಿ ಮಾತಾಡುವವರ ಜೊತೆ ನಾನು ಎಷ್ಟೋ ಸಲ ವಾದ ಮಾಡಿದ್ದೇನೆ. ಸೇಂಟ್ ಲೂಯಿಸ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ ನಾನು ಮಾಡುವುದು ಲಾಗರನ್ನೇ. ಕಪ್ಪು ಬಿಯರಿನ ಸಣ್ಣಪುಟ್ಟ ಊನಗಳು ಹುರಿದ ಮಾಲ್ಟಿನ ಘಮದಲ್ಲಿ ಮುಚ್ಚಿಹೋಗುತ್ತವೆ. ತಿಳಿ ಲಾಗರಿನಲ್ಲಿ ಯಾವುದೂ ಮುಚ್ಚುವುದಿಲ್ಲ. ಆ ಶುದ್ಧ ರುಚಿಗಾಗಿ ಜನ ತಲೆಮಾರುಗಟ್ಟಲೆ ಹೆಣಗಿದ್ದಾರೆ.

1842ರ ಅಕ್ಟೋಬರಿನಲ್ಲಿ ಬೊಹೀಮಿಯಾದ ಪಿಲ್ಸೆನ್ ಊರಿನಲ್ಲಿ ಬವೇರಿಯಾದ ಯೋಸೆಫ್ ಗ್ರೋಲ್ ಹೊಂಬಣ್ಣದ ಲಾಗರ್ ಮಾಡಿದ. ಅಲ್ಲಿನ ನೀರು ಮೆದು, ಮಾಲ್ಟ್ ಬಿಳುಪು. ಬಣ್ಣವೇನೋ ಸಿಕ್ಕಿತು. ಯೀಸ್ಟ್ ಮಾತ್ರ ಇನ್ನೂ ಯಾರ ಹಿಡಿತಕ್ಕೂ ಬಂದಿರಲಿಲ್ಲ.

ಅದನ್ನು ಹಿಡಿದದ್ದು ಕೋಪನ್‌ಹೇಗನ್‌ನಲ್ಲಿ. ಜೆ. ಸಿ. ಯಾಕೋಬ್ಸನ್ 1845ರಲ್ಲಿ ಮ್ಯೂನಿಕ್‌ನ ಸ್ಪಾಟೆನ್ ಬ್ರೂವರಿಯಿಂದ ಯೀಸ್ಟ್ ತಂದ. ದಾರಿಯಲ್ಲಿ ಕುದುರೆಗಾಡಿ ನಿಂತಲ್ಲೆಲ್ಲ ಇಳಿದು ಡಬ್ಬಿಗೆ ತಣ್ಣೀರು ಹೊಯ್ಯುತ್ತಿದ್ದನಂತೆ. ಎರಡು ವರ್ಷದ ಬಳಿಕ ಅವನ ಕಾರ್ಲ್ಸ್‌ಬರ್ಗ್ ಬ್ರೂವರಿ ಶುರುವಾಯಿತು. ನಾವು ದೋಸೆಹಿಟ್ಟಿಗೆ ಹಿಂದಿನ ದಿನದ ಹಿಟ್ಟು ಬೆರೆಸುವಂತೆ, ಒಂದು ತೊಟ್ಟಿಯ ಯೀಸ್ಟನ್ನೇ ಮುಂದಿನದಕ್ಕೂ ಹಾಕುತ್ತಿದ್ದರು. ಹಾಗೆ ಸಾಗುತ್ತ ಕಾಡು ಯೀಸ್ಟೂ ಸೇರಿಕೊಂಡು ಬಿಯರ್ ಕಹಿಯಾಗಿ, ನಾತ ಹಿಡಿದು ಕೆಟ್ಟಿತು. ಅಲ್ಲಿನ ಪ್ರಯೋಗಾಲಯದ ಎಮಿಲ್ ಕ್ರಿಸ್ಟಿಯನ್ ಹಾನ್ಸೆನ್ 1883ರಲ್ಲಿ ಒಂದೇ ಒಂದು ಯೀಸ್ಟ್ ಕಣವನ್ನು ಬೇರ್ಪಡಿಸಿ, ಅದರ ಸಂತತಿಯನ್ನಷ್ಟೇ ಬೆಳೆಸಿದ. ಆ ಯೀಸ್ಟನ್ನು ಕಾರ್ಲ್ಸ್‌ಬರ್ಗ್ ಬಚ್ಚಿಡಲಿಲ್ಲ, ಬೇರೆ ಬ್ರೂವರಿಗಳಿಗೂ ಹಂಚಿತು. ಪೈಪೋಟಿಯ ಕಸುಬಿನಲ್ಲಿ ಅಷ್ಟು ದೊಡ್ಡ ಮನಸ್ಸು ತೋರಿದ್ದನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ.

ಅಮೆರಿಕಕ್ಕೆ ಬಂದ ಜರ್ಮನರಿಗೆ ಸಿಕ್ಕ ಆರು ಸಾಲಿನ ಬಾರ್ಲಿಯಲ್ಲಿ ಪ್ರೋಟೀನ್ ಹೆಚ್ಚು, ಬಿಯರ್ ಮಬ್ಬಾಗುತ್ತಿತ್ತು. ಅಕ್ಕಿ, ಮೆಕ್ಕೆಜೋಳ ಬೆರೆಸಿ ಅದನ್ನು ತಿಳಿ ಮಾಡಿಕೊಂಡರು. ನಮ್ಮೂರಿನ ಬಡ್‌ವೈಸರ್ 1876ರಲ್ಲಿ ಬಂದದ್ದು ಹಾಗೆಯೇ, ಅಕ್ಕಿ ಸೇರಿಸಿ. 1933ರಲ್ಲಿ ಪಾನನಿಷೇಧ ಮುಗಿದರೂ ಮನೆಯಲ್ಲಿ ಬಿಯರ್ ಮಾಡುವುದಕ್ಕೆ ಒಪ್ಪಿಗೆ ಸಿಗಲಿಲ್ಲ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕೇಂದ್ರ ಕಾಯಿದೆ, ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ತೆರಿಗೆಯಿಲ್ಲದೆ ಬಿಟ್ಟಿತು.

ನಾನು ಅಕ್ಕಿಯನ್ನು ಗಂಜಿ ಬೇಯಿಸಿ ಮಾಲ್ಟಿಗೆ ಬೆರೆಸುತ್ತೇನೆ. ಹಳೆಯ ಫ್ರಿಜ್ಜಿನಲ್ಲಿ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುದುಗು ಬರಿಸಿ, ಬೆಣ್ಣೆಯ ವಾಸನೆ ಹೋಗಲೆಂದು ಕೊನೆಯಲ್ಲಿ 17ಕ್ಕೆ ಏರಿಸಿ, ಆಮೇಲೆ ಸೊನ್ನೆಯ ಹತ್ತಿರ ವಾರಗಟ್ಟಲೆ ಬಿಡುತ್ತೇನೆ. ನೀವೂ ಮಾಡುವವರಾದರೆ ಯೀಸ್ಟಿನಲ್ಲಿ ಜಿಪುಣತನ ಬೇಡ. ಏಲ್ ಬಿಯರಿಗೆ ಹಾಕುವುದರ ಎರಡರಷ್ಟು ಹಾಕಿ, ತಂಪನ್ನು ಕೆಡಿಸಬೇಡಿ, ಬಾಟಲಿ ತೆರೆಯಲು ಆತುರಪಡಬೇಡಿ.