ಮೋಟಾರು ಕಾರಿನ ಚರಿತ್ರೆಯೊಳಗೆ ಮಿಸ್ತ್ರಿಯ ಪಾಲು

ಬಂಡಿ ಮಾಡುವವನು ಬಡಿಗೇರ, ಗಾಲಿಗೆ ಕಬ್ಬಿಣದ ಹಳಿ ಏರಿಸುವವನು ಕಂಬಾರ. ಆದರೆ ಬಂಡಿ ನಡೆಯೋದು ಕೀಲೆಣ್ಣೆಯ ಮ್ಯಾಲ. ಅಚ್ಚಿಗೆ ಎಣ್ಣೆ ಬಿಡದೆ, ಕಡಾಣಿ ಮುಟ್ಟಿ ನೋಡದೆ ಎತ್ತು ಹೂಡಿದರೆ ಗಾಲಿ ಒಂದು ಕಡೆ, ಬಂಡಿ ಒಂದು ಕಡೆ ಆಗ್ತದ. ನಮ್ಮ ಅಕ್ಕಲಕೋಟೆ ಸೀಮೆಯ ರೈತರಿಗೆ ಇದನ್ನು ಯಾರೂ ಕಲಿಸಿ ಕೊಡಬೇಕಾಗಿಲ್ಲ. ಮೋಟಾರು ಕಾರಿಗೂ ಇದೇ ಮಾತು ಹತ್ತುತ್ತದೆ. ಕಾರಿನ ಚರಿತ್ರೆ ಬರೆದವರು ಕಾರ್ಖಾನೆ ಕಟ್ಟಿದ ದೊಡ್ಡ ಮಂದಿಯ ಹೆಸರು ಬರೆದಾರ, ಅದು ಬರೆಯಬೇಕಾದ್ದೇ. ಆದರೆ ಆ ಕಾರನ್ನು ನಮ್ಮ ಧೂಳಿನಾಗ, ನಮ್ಮ ಬಿಸಿಲಿನಾಗ ಇಪ್ಪತ್ತು ಮೂವತ್ತು ವರ್ಷ ನಡೆಸಿದ ಡ್ರೈವರ ಮತ್ತು ಮಿಸ್ತ್ರಿಗೆ ಆ ಚರಿತ್ರೆಯೊಳಗೆ ಒಂದು ಸಾಲೂ ಸಿಕ್ಕಿಲ್ಲ. ಅವರ ಪಾಲು ಏನಿತ್ತು ಅಂತ ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ.

ರಿಪೇರಿಯ ಚರಿತ್ರೆ ಕಾರಿನಷ್ಟೇ ಹಳೆಯದು. ಜರ್ಮನಿ ದೇಶದ ಕಾರ್ಲ್ ಬೆಂಜ್ 1886ರಲ್ಲಿ ತನ್ನ ಮೂರು ಗಾಲಿಯ ಮೋಟಾರು ಗಾಡಿಗೆ ಪೇಟೆಂಟ್ ಪಡೆದ. ಗಾಡಿ ಇತ್ತು, ಕೊಳ್ಳುವವರು ಇರಲಿಲ್ಲ. 1888ರಲ್ಲಿ ಅವನ ಹೆಂಡತಿ ಬೆರ್ತಾ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು ಮಾನ್‌ಹೈಮ್ ಊರಿಂದ ತವರೂರಿಗೆ ಹೊಂಟಳು. ಸುಮಾರು ನೂರು ಕಿಲೋಮೀಟರ್ ದಾರಿ. ನಡುವೆ ತೈಲದ ನಳಿಗೆಯೊಳಗೆ ಕಸ ಸಿಕ್ಕಿತು, ಆಕಿ ತನ್ನ ಟೋಪಿಯ ಪಿನ್ನು ತೆಗೆದು ಚುಚ್ಚಿ ಬಿಡಿಸಿದಳು. ತೈಲ ಮುಗಿದಾಗ ಔಷಧದ ಅಂಗಡಿಯೊಳಗೆ ಕೊಂಡಳು. ಕಟ್ಟಿಗೆಯ ಬ್ರೇಕು ಸವೆದು ಹಿಡಿಯದೆ ಹೋದಾಗ ಒಬ್ಬ ಚಮ್ಮಾರನ ಕಡೆ ನಿಂತು ತೊಗಲು ಹೊಡೆಸಿದಳು. ಬ್ರೇಕಿಗೆ ಲೈನಿಂಗ್ ಅಂತ ನಾವು ಇವತ್ತು ಹಾಕಿಸುತ್ತೀವಲ್ಲ, ಅದರ ಕಥೆಯನ್ನು ಆ ಚಮ್ಮಾರನ ತೊಗಲಿನಿಂದಲೇ ಶುರು ಮಾಡಬಹುದು. ಕಾರಿನಾಗ ದೂರದ ಪ್ರಯಾಣ ಮಾಡಿದ ಮೊದಲಿಗಳು ಹೆಣ್ಣುಮಗಳು, ದಾರಿಯೊಳಗೆ ಅದನ್ನು ರಿಪೇರಿ ಮಾಡಿದವಳೂ ಆಕಿಯೇ. ಆ ಚಮ್ಮಾರನ ಹೆಸರನ್ನು ಮಾತ್ರ ನಾವು ಯಾರೂ ಓದಿಲ್ಲ.

ನಮ್ಮ ದೇಶಕ್ಕೆ ಕಾರು ಮೊದಲು ಹಡಗಿನಾಗ ಬಂದವು. ಆಮೇಲೆ ಬಿಡಿ ಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾಗತೊಡಗಿದವು. ಜನರಲ್ ಮೋಟಾರ್ಸ್ ಎಂಬ ಅಮೆರಿಕದ ಕಂಪನಿ 1928ರಲ್ಲಿ ಮುಂಬಯಿಯೊಳಗೆ ಇಂಥ ಜೋಡಣೆ ಶುರು ಮಾಡಿತ್ತು. ನಾವೇ ಕಾರು ಮಾಡಬೇಕು ಅಂತ ಹಟ ಹಿಡಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಒಬ್ಬರು. ಇನ್ನೊಬ್ಬರು ನಮ್ಮ ಸೊಲ್ಲಾಪುರದವರು. ವಾಲಚಂದ ಹಿರಾಚಂದ ಅವರು ಹುಟ್ಟಿದ್ದು 1882ರಲ್ಲಿ, ಸೊಲ್ಲಾಪುರದೊಳಗೆ. 1940ರಲ್ಲಿ ಮೈಸೂರು ಸರಕಾರದ ಜೊತೆ ಸೇರಿ ಬೆಂಗಳೂರಿನಾಗ ವಿಮಾನದ ಕಾರ್ಖಾನೆ ಶುರು ಮಾಡಿದವರೂ ಇವರೇ. 1944ರಲ್ಲಿ ಮುಂಬಯಿಯೊಳಗೆ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಕಟ್ಟಿದರು. ಅದಕ್ಕೂ ಎರಡು ವರ್ಷ ಮೊದಲೇ, 1942ರಲ್ಲಿ, ಬಿರ್ಲಾ ಮನೆತನದವರು ಗುಜರಾತಿನ ಓಖಾ ಬಂದರದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಶುರು ಮಾಡಿದ್ದರು. ಮುಂದೆ ಅದು ಬಂಗಾಲದ ಉತ್ತರಪಾರಾಕ್ಕೆ ಹೋಯಿತು.

1953ರ ಸುಮಾರಿಗೆ ದಿಲ್ಲಿ ಸರಕಾರ ಒಂದು ಧೋರಣೆ ಮಾಡಿತು. ಬರೇ ಜೋಡಣೆ ಮಾಡುವ ಪರದೇಶಿ ಕಂಪನಿಗಳಿಗೆ ಜಾಗ ಇಲ್ಲ, ಇಲ್ಲಿಯೇ ಭಾಗ ತಯಾರಿಸುವವರಿಗೆ ಮಾತ್ರ ಪರವಾನಗಿ. ಅಲ್ಲಿಂದ ಮುಂದೆ ಮೂವತ್ತು ವರ್ಷ ನಮ್ಮ ರಸ್ತೆಗಳ ಮೇಲೆ ಹೆಚ್ಚಾಗಿ ಕಂಡದ್ದು ಎರಡೇ ಜಾತಿಯ ಕಾರು. ಒಂದು ಪ್ರೀಮಿಯರ್ ಕಂಪನಿಯ ಫಿಯಟ್ 1100, ಇನ್ನೊಂದು 1957ರ ಸುಮಾರಿಗೆ ಬಂದ ಅಂಬಾಸಡರ್. ಫಿಯಟ್ ಮೂಲ ಇಟಲಿಯದು, ಅಂಬಾಸಡರ್ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಮೊದಮೊದಲ ಗುಂಡನೆಯ ಫಿಯಟ್ಟಿಗೆ ನಮ್ಮ ಮಹಾರಾಷ್ಟ್ರದೊಳಗೆ ಡುಕ್ಕರ ಫಿಯಟ್ ಅಂತ ಹೆಸರು ಬಿತ್ತು. ಡುಕ್ಕರ ಅಂದ್ರ ಹಂದಿ. ಅದೇ ಮನೆತನದ ಕಾರು ಮುಂದೆ 1970ರ ದಶಕದಾಗ ಪ್ರೀಮಿಯರ್ ಪದ್ಮಿನಿ ಆಯಿತು. ಹಂದಿ ಹೋಗಿ ಪದ್ಮಿನಿ ಆದರೂ ಎಂಜಿನ್ ಅದೇ ಸುಮಾರು 1100 ಸಿ.ಸಿ.ದು.

ಈಗ ವಿಚಾರ ಮಾಡಿರಿ. ಕಾರು ಬೇಕೆಂದರೆ ದುಡ್ಡು ಕಟ್ಟಿ ವರ್ಷಗಟ್ಟಲೆ ಪಾಳಿ ಕಾಯಬೇಕು. ಬಿಡಿ ಭಾಗ ಸಲೀಸಾಗಿ ಸಿಗೂದಿಲ್ಲ. ಕೆಟ್ಟರೆ ಹೊಸದು ತರೋಣ ಅನ್ನೋ ಹಂಗಿಲ್ಲ. ಅಂದಮೇಲೆ ಇದ್ದದ್ದನ್ನೇ ಉಳಿಸಿಕೊಳ್ಳಬೇಕು. ಮಿಸ್ತ್ರಿಯ ವಿದ್ಯೆ ಬೆಳೆದದ್ದು ಈ ಕೊರತೆಯ ಹೊಟ್ಟೆಯೊಳಗೆ.

ಆ ಕಾಲದ ಕಾರು ನಡೆಸುವುದು ಇವತ್ತಿನ ಹಾಗೆ ಕೀಲಿ ತಿರುವಿ ಹೋಗುವ ಕೆಲಸವಲ್ಲ. ಮುಂಜಾನೆ ಬಾನೆಟ್ ಎತ್ತಿ ರೇಡಿಯೇಟರಿನ ನೀರು ನೋಡಬೇಕು. ಎಂಜಿನ್ ಆಯಿಲ್‌ನ ಕಡ್ಡಿ ತೆಗೆದು, ಒರೆಸಿ, ಮತ್ತೆ ಅದ್ದಿ ನೋಡಬೇಕು. ಚಳಿಯಿದ್ದರೆ ಚೋಕ್ ಎಳೆಯಬೇಕು, ಎಂಜಿನ್ ಕಾದ ಮೇಲೆ ನೆನಪಿಟ್ಟು ಒಳಗೆ ತಳ್ಳಬೇಕು. ಬ್ಯಾಟರಿ ಕುಂತಿದ್ದರೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಬೇಕು. ಹ್ಯಾಂಡಲ್ ಹಿಡಿಯುವುದಕ್ಕೂ ಒಂದು ಪಾಠ ಇತ್ತು. ಹೆಬ್ಬೆರಳು ಉಳಿದ ಬೆರಳಿನ ಬಾಜೂಕೇ ಇರಬೇಕು, ಸುತ್ತು ಹಾಕಿ ಹಿಡಿಯಬಾರದು. ಎಂಜಿನ್ ತಿರುಗಿ ಒದ್ದರೆ ಹೆಬ್ಬೆರಳು ಮುರಿದೇ ಹೋಗ್ತದ. ಇದೇ ಹ್ಯಾಂಡಲಿನ ಕಾಟ ತಪ್ಪಿಸಲಿಕ್ಕೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬವನು ವಿದ್ಯುತ್ ಸ್ಟಾರ್ಟರ್ ಮಾಡಿದ. 1912ರ ಕ್ಯಾಡಿಲಾಕ್ ಕಾರಿನಾಗ ಅದು ಬಂತು. ಆದರೂ ಎಷ್ಟೋ ವರ್ಷ ನಮ್ಮ ಡ್ರೈವರರು ಸೀಟಿನ ಕೆಳಗೆ ಹ್ಯಾಂಡಲ್ ಇಟ್ಟುಕೊಂಡೇ ಹೋಗುತ್ತಿದ್ದರು. ಗೇರಿನ ಕಡ್ಡಿ ಸ್ಟೇರಿಂಗ್ ಕಂಬಕ್ಕೆ ಇರುತ್ತಿತ್ತು. ಹಳೆ ಗಾಡಿಗಳಲ್ಲಿ ಚಲಿಸುವಾಗ ಒಂದನೇ ಗೇರು ಬೀಳುತ್ತಿರಲಿಲ್ಲ, ಒತ್ತಿದರೆ ಹಲ್ಲು ಕರಕರ ಅಂತಿದ್ದವು. ಗಾಡಿ ಪೂರಾ ನಿಲ್ಲಿಸಿ ಹಾಕಬೇಕು, ಇಲ್ಲವೆ ಕ್ಲಚ್ ಎರಡು ಸಲ ಒತ್ತಿ ಎಂಜಿನ್ನಿನ ವೇಗ ಹೊಂದಿಸಿ ಹಾಕಬೇಕು.

ಮಿಸ್ತ್ರಿಯ ಹೆಚ್ಚಿನ ಕೆಲಸ ಒಂದು ಸಣ್ಣ ಡಬ್ಬಿಯೊಳಗೆ ಇತ್ತು. ಅದಕ್ಕೆ ಡಿಸ್ಟ್ರಿಬ್ಯೂಟರ್ ಅಂತ ಹೆಸರು, ಮಿಸ್ತ್ರಿಗಳು ಡೆಲ್ಕೋ ಅಂತಾರ. ಡೆಲ್ಕೋ ಅಂದರೆ ಅದೇ ಕೆಟರಿಂಗನ ಕಂಪನಿಯ ಹೆಸರು. ಅವನ ಮುಖ ನೋಡದ, ಇಂಗ್ಲಿಷು ಓದದ ಹುಡುಗರು ಗ್ಯಾರೇಜಿನಾಗ ಅವನ ಹೆಸರು ಉಳಿಸಿದರು. ಆ ಡಬ್ಬಿಯೊಳಗೆ ಎರಡು ಲೋಹದ ತುದಿಗಳು ಕೂಡಿ ಬಿಟ್ಟು ಕಿಡಿ ಕಳಿಸುತ್ತವೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಆ ತುದಿಗಳು ನಿಮಿಷಕ್ಕೆ 6000 ಸಲ ತೆರೆದು ಮುಚ್ಚುತ್ತವೆ. ಅವುಗಳ ನಡುವಿನ ಸಂದು ಅರ್ಧ ಮಿಲಿಮೀಟರಿನ ಆಜೂಬಾಜೂ. ತುದಿ ಸುಟ್ಟು ಕಪ್ಪಾದರೆ ಪಾಲಿಶ್ ಕಾಗದದಿಂದ ತಿಕ್ಕಿ, ಸಂದು ಹೊಂದಿಸಿ ಕೂಡಿಸಬೇಕು. ಸಂದು ತಪ್ಪಿದರೆ ಗಾಡಿ ಏರಿನಾಗ ಎಳೆಯೂದಿಲ್ಲ, ಪೆಟ್ರೋಲ್ ಕುಡೀತದ.

ಪ್ಲಗ್ಗು ಬಿಚ್ಚಿ ನೋಡುವುದು ವೈದ್ಯ ನಾಲಿಗೆ ನೋಡಿದ ಹಾಗೆ. ತುದಿ ಒಣ ಕರಿ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು ಹೋಗ್ತದ. ಎಣ್ಣೆ ಜಿಡ್ಡು ಇದ್ದರೆ ಒಳಗಿನ ರಿಂಗು ಸವೆದು ಆಯಿಲ್ ಮ್ಯಾಲೆ ಬರ್ತದ. ಬೆಳ್ಳಗೆ ಸುಟ್ಟಂತಿದ್ದರೆ ಎಂಜಿನ್ ಹೆಚ್ಚು ಕಾಯ್ತದ. ತಿಳಿ ಕಂದು ಬಣ್ಣ ಇದ್ದರೆ ಎಲ್ಲಾ ಬರಾಬ್ಬರಿ. ಇನ್ನು ಕಿವಿಯ ವಿದ್ಯೆ. ನಾನು ಹಾಡಿಕೆಯವನು, ದಪ್ಪಿನ ಪೆಟ್ಟು ಒಂದು ತಪ್ಪಿದರೆ ನನಗೆ ತಿಳಿಯುತ್ತದೆ. ಆದರೆ ನಾಲ್ಕು ಸಿಲಿಂಡರಿನೊಳಗೆ ಯಾವುದು ಪೆಟ್ಟು ತಪ್ಪಿಸುತ್ತದೆ ಅಂತ ಹಿಡಿಯುವ ಮಿಸ್ತ್ರಿಯ ರೀತಿ ಕಂಡು ನಾನೂ ಬೆರಗಾಗಿದ್ದೇನೆ. ಪ್ಲಗ್ಗಿನ ವೈರು ಒಂದೊಂದಾಗಿ ತೆಗೆದು ಕೇಳುತ್ತಾನೆ. ಒಳ್ಳೆ ಸಿಲಿಂಡರಿನದು ತೆಗೆದರೆ ಎಂಜಿನ್ ದನಿ ಕುಗ್ಗುತ್ತದೆ. ಕೆಟ್ಟದ್ದರದು ತೆಗೆದರೆ ದನಿ ಬದಲಾಗೂದಿಲ್ಲ. ಅಲ್ಲಿಗೆ ಕಳ್ಳ ಸಿಕ್ಕ.

ನಮ್ಮ ಬಿಸಿಲಿಗೆ ಬೇರೆಯೇ ಪಾಠ ಬೇಕಿತ್ತು. ಇಟಲಿ, ಇಂಗ್ಲೆಂಡಿನ ಹವಾಕ್ಕೆ ಹುಟ್ಟಿದ ಎಂಜಿನ್‌ಗಳು ಸೊಲ್ಲಾಪುರದ ಬೇಸಿಗೆಯೊಳಗೆ 42 ಡಿಗ್ರಿ ದಾಟಿದ ಮಧ್ಯಾಹ್ನ ಓಡಬೇಕಾಗಿತ್ತು. ಒಮ್ಮೆ ನಮ್ಮ ಹಾಡಿಕೆ ಮೇಳ ಬಾಡಿಗೆ ಫಿಯಟ್ಟಿನಾಗ, ಹಾರ್ಮೋನಿಯಂ ಡಿಕ್ಕಿಯೊಳಗೆ ಹಾಕಿ, ಅಕ್ಕಲಕೋಟೆಯಿಂದ ಗಾಣಗಾಪುರದ ಕಡೆ ಹೊಂಟಿತ್ತು. ನಡುದಾರಿಯೊಳಗೆ ಗಾಡಿ ಕೆಮ್ಮಿ ನಿಂತಿತು. ಪೆಟ್ರೋಲ್ ಇದೆ, ಕಿಡಿ ಇದೆ, ಗಾಡಿ ಮಾತ್ರ ಏಳವಲ್ಲದು. ಡ್ರೈವರ ಗಾಬರಿಯಾಗಲಿಲ್ಲ. ಹೆಗಲ ಮೇಲಿನ ಟವೆಲ್ ನೀರಿನಾಗ ಅದ್ದಿ ಪೆಟ್ರೋಲ್ ಪಂಪಿನ ಮೇಲೆ ಸುತ್ತಿದ, ನಮಗೆಲ್ಲ ಬೇವಿನ ಗಿಡದ ಕೆಳಗೆ ಕುಂಡ್ರಿ ಅಂದ. ಕಾಲು ತಾಸಿನ ಮೇಲೆ ಗಾಡಿ ಎದ್ದಿತು. ಬಿಸಿಗೆ ಪೆಟ್ರೋಲ್ ನಳಿಗೆಯೊಳಗೇ ಆವಿಯಾಗುತ್ತದೆ. ಪಂಪು ದ್ರವ ಎಳೆಯಬಲ್ಲದು, ಆವಿ ಎಳೆಯಲಾರದು. ತಂಪಾದರೆ ಆವಿ ಮತ್ತೆ ಪೆಟ್ರೋಲ್ ಆಗ್ತದ. ಇದು ವಿಜ್ಞಾನದ ಪಾಠ. ಅವನು ಅದನ್ನು ಸಾಲಿಯೊಳಗೆ ಕಲಿತಿರಲಿಲ್ಲ.

ನೀರಿನ ಮಾತೂ ಹಾಗೇ. ನಮ್ಮ ಕರಿಮಣ್ಣಿನ ಬಾವಿಗಳ ನೀರು ಸವುಳು. ಅದನ್ನೇ ರೇಡಿಯೇಟರಿಗೆ ಹಾಕಿದರೆ ಚಹಾದ ಪಾತ್ರೆಯ ತಳದಾಗ ಕಟ್ಟುವ ಬಿಳಿ ಪದರ ಸಣ್ಣ ನಳಿಗೆಗಳೊಳಗೂ ಕಟ್ಟಿ ಎಂಜಿನ್ ಕಾಯುತ್ತದೆ. ಅದಕ್ಕೆ ತಿಳಿದ ಡ್ರೈವರರು ಮಳೆನೀರು ಹಿಡಿದು ಇಡುತ್ತಿದ್ದರು. ಕಾದ ರೇಡಿಯೇಟರಿನ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರ ಕಥೆ ಪ್ರತಿ ಊರಿನಾಗೂ ಇವೆ.

ಈ ವಿದ್ಯೆ ಕಲಿತವರು ಯಾರು? ಕಂಬಾರರ, ಬಡಿಗೇರರ, ಮುಸಲ್ಮಾನರ, ಕೂಲಿಯವರ ಮನೆಯ ಹುಡುಗರು. ಸಾಲಿ ಬಿಟ್ಟು ಹತ್ತು ಹನ್ನೆರಡರ ವಯಸ್ಸಿಗೆ ಗ್ಯಾರೇಜು ಸೇರುತ್ತಿದ್ದರು. ಮೊದಲು ಚಹಾ ತರುವುದು, ಆಮೇಲೆ ಸಾಮಾನು ಸೀಮೆಎಣ್ಣೆಯಾಗ ತೊಳೆಯುವುದು, ಆಮೇಲೆ ಕೇಳಿದ ನಂಬರಿನ ಪಾನಾ ಕೊಡುವುದು. ಬೈಗುಳ ದಿನಾ, ಪಗಾರ ಎಂದೋ ಒಮ್ಮೆ. ಎಂಜಿನ್ ಬಿಚ್ಚಿ ಕಟ್ಟಲು ಬರುವಷ್ಟರಾಗ ಮೀಸೆ ಬರ್ತಿತ್ತು. ಗುರುವಿನಿಂದ ಶಿಷ್ಯನಿಗೆ ಬಾಯಿಂದ ಕಿವಿಗೆ ದಾಟಿದ ವಿದ್ಯೆ ಇದು, ನಮ್ಮ ಪದಗಳ ಹಾಗೆಯೇ. ಅವರ ಭಾಷೆಯೂ ನಮ್ಮ ಗಡಿನಾಡಿನ ಹಾಗೆ ಕಲಬೆರಕಿ. ಪಾನಾ, ಹವಾ ಮರಾಠಿ-ಹಿಂದಿಯವು, ಡೆಲ್ಕೋ ಅಮೆರಿಕದ್ದು, ಬೈಗುಳ ಮಾತ್ರ ಅಚ್ಚ ಕನ್ನಡ.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಕಾರಿನ ಕೀಲಿ ಕೊಟ್ಟರು. ಮೂರು ಸಿಲಿಂಡರಿನ, 796 ಸಿ.ಸಿ. ಎಂಜಿನ್. ಕಾರು ಸಣ್ಣ, ಹಗುರ, ಕಾಟ ಕಡಿಮೆ. 1991ರ ನಂತರ ಪರವಾನಗಿಯ ಬಿಗಿ ಸಡಿಲಾಗಿ ಪರದೇಶಿ ಕಂಪನಿಗಳು ಮತ್ತೆ ಬಂದವು. 2000ದ ಹೊತ್ತಿಗೆ ಹೊಗೆಯ ನಿಯಮ ಬಿಗಿಯಾಗಿ, ಕಾರ್ಬೋರೇಟರ್ ಹೋಗಿ ಕಂಪ್ಯೂಟರು ಪೆಟ್ರೋಲ್ ಅಳೆದು ಕೊಡುವ ಕಾಲ ಬಂತು. ಡೆಲ್ಕೋ ಡಬ್ಬಿಯೂ ಹೋಯಿತು. ಅಂಬಾಸಡರ್ 2014ರಲ್ಲಿ ನಿಂತಿತು. ಮುಂಬಯಿಯ ಕರಿ-ಹಳದಿ ಪದ್ಮಿನಿ ಟ್ಯಾಕ್ಸಿಗಳ ಓಟ 2023ರಲ್ಲಿ ಮುಗಿಯಿತು. ಹೊಸ ಕಾರು ಒಳ್ಳೆಯವು, ಹೊಗೆ ಕಡಿಮೆ, ದಾರಿಯಾಗ ನಿಲ್ಲೂದಿಲ್ಲ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸ್ಕ್ಯಾನರ್ ಇಲ್ಲದ ಹಳೆ ಮಿಸ್ತ್ರಿಯ ಕಿವಿಗೆ ಕೆಲಸ ಉಳಿಯಲಿಲ್ಲ. ಕೆಲವರು ಪಂಕ್ಚರ್ ಅಂಗಡಿ ಹಾಕಿದರು, ಕೆಲವರು ಹೊಲಕ್ಕೆ ತಿರುಗಿ ಬಂದರು.

ಅವರ ಪಾಠ ಪೂರಾ ಹಳತಾಗಿದೆ ಅಂತ ತಿಳಿಯಬಾರದು. ಈಗ ನಮ್ಮೂರುಗಳಲ್ಲೂ ಹಲವು ಮನೆ ಮುಂದೆ ಕಾರು ನಿಂತಾವ. ಟಾಯರಿನ ಹವಾ ಟಾಯರು ತಂಪಿದ್ದಾಗ ನೋಡಬೇಕು. ಎಂಜಿನ್ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಬೇಕು. ಬ್ರೇಕಿನ ಎಣ್ಣೆ ಹವಾದಾಗಿನ ಪಸೆ ಹೀರುತ್ತದೆ, ಸುಮಾರು ಎರಡು ವರ್ಷಕ್ಕೊಮ್ಮೆ ಹೊಸದು ಹಾಕಿಸಬೇಕು. ಆಯಿಲ್‌ನ ಕೆಂಪು ದೀಪ ಹತ್ತಿದರೆ ಮುಂದಿನ ಊರಿನ ತನಕ ಹೋಗೋಣ ಅನ್ನದೆ ಅಲ್ಲೇ ಬಾಜೂಕೆ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕು. ಇವು ಇವತ್ತಿಗೂ ಕೀಲೆಣ್ಣೆಯ ಮಾತುಗಳೇ.

ಸಾಲಿಯ ಗುರುಗಳಿಗೆ ನನ್ನದೊಂದು ಅರಿಕೆ. ಅರವತ್ತು ಎಪ್ಪತ್ತು ದಾಟಿದ ಮಿಸ್ತ್ರಿಗಳು, ಡ್ರೈವರರು ನಮ್ಮ ತಾಲೂಕಿನಾಗ ಇನ್ನೂ ಇದ್ದಾರೆ. ಮಕ್ಕಳನ್ನು ಅವರ ಕಡೆ ಕಳಿಸಿರಿ. ಯಾವ ಸಾಮಾನಿಗೆ ಏನು ಅಂತಿದ್ದಿರಿ, ಯಾವ ಸಪ್ಪಳಕ್ಕೆ ಯಾವ ರೋಗ, ಯಾರ ಕೈಯಾಗ ಕಲಿತಿರಿ ಅಂತ ಕೇಳಿ, ಹೆಸರು ಊರು ಸಹಿತ ಒಂದು ವಹಿಯೊಳಗೆ ಬರೆಸಿರಿ. ಆ ವಹಿ ನಮ್ಮ ವಾಚನಾಲಯದ ಕಪಾಟಿನೊಳಗೆ ಇರಲಿ. ಮುಂದೆ ಯಾರಾದರೂ ವಾಲಚಂದರ ಚರಿತ್ರೆ ಹುಡುಕಿಕೊಂಡು ಬಂದರೆ, ಅದರ ಬಾಜೂಕೇ ಇದೂ ಕೈಗೆ ಸಿಗಲಿ.