ಹೈಪೋ ನೀರಿನೊಳಗಿನ ಬೆಳ್ಳಿ

ಕೆಂಪು ಬಲ್ಬಿನ ಡಾರ್ಕ್‌ರೂಮ್ ನೆನಪಿದೆಯಾ? ಪಾಮನಕಲ್ಲೂರಿನಂಥ ಊರುಗಳಿಂದ ಸಿಂಧನೂರಿಗೋ ಲಿಂಗಸುಗೂರಿಗೋ ಬಸ್ ಹತ್ತಿ ಹೋಗಿ ಫೋಟೋ ತೆಗೆಸಿ, 'ತೊಳೆದು ಇಡ್ತೀವಿ, ಎರಡು ದಿನ ಬಿಟ್ಟು ಬರ್ರಿ' ಅನ್ನಿಸಿಕೊಂಡ ಕಾಲ. ಫೋಟೋ ನಮ್ಮ ಕೈಗೆ ಬಂತು. ತೊಳೆದ ನೀರು ಎಲ್ಲಿಗೆ ಹೋಯ್ತು?

ಹೈಪೋ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಎಂದು 1819ರಲ್ಲೇ ಇಂಗ್ಲೆಂಡಿನ ಜಾನ್ ಹರ್ಷೆಲ್ ಕಂಡುಕೊಂಡಿದ್ದರು. 1839ರಲ್ಲಿ ಛಾಯಾಚಿತ್ರ ಬಂದಾಗ ಅದೇ ಗುಣ ಚಿತ್ರ ಕಪ್ಪಾಗದಂತೆ ಕಾಪಾಡಿತು. 1851ರ ನಂತರದ ಗಾಜಿನ ಪ್ಲೇಟಿನ ಕಾಲದಲ್ಲಿ ಎಷ್ಟೋ ಜನ ಹೈಪೋ ಬಿಟ್ಟು ಪೊಟ್ಯಾಸಿಯಂ ಸಯನೈಡ್ ಹಿಡಿದರು. ಕೆಲಸ ಬೇಗ, ಜೀವಕ್ಕೆ ಕುತ್ತು. ಸಯನೈಡ್ ಅನ್ನೋ ಹೆಸರು ನಮ್ಮ ಭಾಗಕ್ಕೆ ಹೊಸದಲ್ಲ ನೋಡ್ರಿ. ಹಟ್ಟಿಯಲ್ಲಿ ಅದಿರು ಪುಡಿ ಮಾಡಿ ಚಿನ್ನ ಕರಗಿಸೋದೂ ಸಯನೈಡ್ ದ್ರಾವಣದಲ್ಲೇ. ಗಣಿಯವರು ಕರಗಿದ ಚಿನ್ನವನ್ನು ಮರಳಿ ಹಿಡೀತಾರೆ. ಡಾರ್ಕ್‌ರೂಮಿನಲ್ಲಿ ಕರಗಿದ ಬೆಳ್ಳಿಯನ್ನು ಮಾತ್ರ ಮೋರಿಗೆ ಚೆಲ್ಲೋದು ಸುಲಭವಾಗಿತ್ತು.

ಎಲ್ಲರೂ ಚೆಲ್ಲಲಿಲ್ಲ ಅನ್ನೋದನ್ನೂ ಹೇಳಬೇಕು. ಹಳೆ ಹೈಪೋ ಕೊಳ್ಳುವವರಿದ್ದರು, ಎಕ್ಸ್‌ರೇ ಕೇಂದ್ರದಿಂದ ಸಹ. ಕಾರಣ ದುಡ್ಡು, ಪರಿಸರವಲ್ಲ. ಸ್ಟೀಲ್ ನಾರನ್ನು ಹೈಪೋದಲ್ಲಿ ಮುಳುಗಿಸಿಟ್ಟರೆ ಕಬ್ಬಿಣ ಕರಗಿ ಬೆಳ್ಳಿ ಕಪ್ಪು ಕೆಸರಾಗಿ ಕೂರುತ್ತದೆ. ದೊಡ್ಡ ಲ್ಯಾಬುಗಳು ಅದಕ್ಕೇ ವಿದ್ಯುತ್ ಬಳಸುತ್ತವೆ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಆಸ್ಪತ್ರೆಯ ಎಕ್ಸ್‌ರೇ ಫಿಲ್ಮ್ ತೊಳೆದ ದ್ರವವನ್ನು ರಾಸಾಯನಿಕ ದ್ರವ ತ್ಯಾಜ್ಯ ಎಂದೇ ಗುರುತಿಸಿವೆ. ಮೊದಲು ಸಂಸ್ಕರಿಸಬೇಕು, ಆಮೇಲಷ್ಟೇ ಬೇರೆ ನೀರಿಗೆ ಸೇರಿಸಬೇಕು. ಆದರೆ ಮನೆಯ ಮೂಲೆಯಲ್ಲಿ ಫಿಲ್ಮ್ ತೊಳೆಯುವ ಹವ್ಯಾಸಿಯ ಕೈಹಿಡಿದು ತಡೆಯೋರು ಯಾರು?

ಈಗ ಹುಡುಗರು ಮತ್ತೆ ಫಿಲ್ಮ್ ಕ್ಯಾಮೆರಾ ಹಿಡಿದಿದ್ದಾರೆ, ಅದಕ್ಕೇ ಈ ಮಾತು. ಒಳಚರಂಡಿಯಿಲ್ಲದ ಊರಲ್ಲಿ ಸೆಪ್ಟಿಕ್ ಟ್ಯಾಂಕಿಗೆ ಹಾಕಿದರೆ ಅಲ್ಲಿನ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಬೆಳ್ಳಿ ಒಳ್ಳೆಯದಲ್ಲ. ಅಂಗಳದಲ್ಲಿ ಚೆಲ್ಲಿದರೆ ಪಕ್ಕದಲ್ಲೇ ಬಾವಿ. ಡೆವಲಪರಿನ ಹೈಡ್ರೋಕ್ವಿನೋನ್ ಮೀನಿಗೆ ವಿಷ, ಮೆಟಾಲ್ ಕೆಲವರ ಕೈಗೆ ತುರಿಕೆ. ಹೈಪೋಗೆ ಆಸಿಡ್ ಸೇರಿಸಿದರೆ ಗಂಧಕದ ಹೊಗೆ ಏಳುತ್ತದೆ.

ಬಳಸಿದ ಹೈಪೋ ಮತ್ತು ಡೆವಲಪರ್ ಬೇರೆ ಬೇರೆ ಪ್ಲಾಸ್ಟಿಕ್ ಕ್ಯಾನಿನಲ್ಲಿ, ಹೆಸರು ಬರೆದು, ಮುಚ್ಚಳ ಬಿಗಿದಿಡಿ. ಕೂಲ್‌ಡ್ರಿಂಕ್ ಬಾಟಲಿಯಲ್ಲಿ ಮಾತ್ರ ಬೇಡ, ಮಕ್ಕಳಿರೋ ಮನೆ. ಕ್ಯಾನ್ ತುಂಬಿದಾಗ ಬೆಳ್ಳಿ ತೆಗೆಯುವ ವ್ಯವಸ್ಥೆ ಇರುವ ಎಕ್ಸ್‌ರೇ ಕೇಂದ್ರವನ್ನೋ, ಅಪಾಯಕಾರಿ ತ್ಯಾಜ್ಯ ಪಡೆಯಲು ಪರವಾನಗಿ ಇರುವವರನ್ನೋ ಕೇಳಿ. ಸ್ಟೀಲ್ ನಾರು ಹಾಕಿ ಬೆಳ್ಳಿ ತೆಗೆದ ನೀರೂ ಅದೇ ಕ್ಯಾನಿಗೆ.