ಸಾಕ್ಷಿಯೋ, ಬಲಿಯೋ? – ಕೋಲ್ಬೆಯವರ ಮರಣ ಎತ್ತಿದ ಪ್ರಶ್ನೆ

ಎರಡನೆಯ ಮಹಾಯುದ್ಧದ ಪಾಠದಲ್ಲಿ ನಾಜಿಗಳ ಯಾತನಾ ಶಿಬಿರಗಳ ವಿಚಾರ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತಿತ್ತು. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಅಂದು ತರಗತಿಯಲ್ಲಿ ಹೇಳಲು ಸಮಯವಿಲ್ಲದ ಒಂದು ಪ್ರಸಂಗವನ್ನು ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಕ್ರೈಸ್ತಧರ್ಮದಲ್ಲಿ ಯಾತನೆಗೆ ಇರುವ ಅರ್ಥವೇನು ಎಂಬುದನ್ನು ತಿಳಿಯಲು ಅದು ನೆರವಾಗುತ್ತದೆ.

ಮೊದಲಿಗೆ ಒಂದು ಪದದ ವಿಚಾರ. ನಾವು ‘ಹುತಾತ್ಮ’ ಎನ್ನುತ್ತೇವೆ. ‘ಹುತ’ ಎಂದರೆ ಅಗ್ನಿಗೆ ಅರ್ಪಿಸಿದ್ದು; ಆದುದರಿಂದ ತನ್ನನ್ನೇ ಆಹುತಿಯಾಗಿಸಿಕೊಂಡವನು ಹುತಾತ್ಮ. ಕ್ರೈಸ್ತರು ಇದಕ್ಕೆ ಬಳಸಿದ ‘ಮಾರ್ಟಿರ್’ ಎಂಬ ಪದ ಗ್ರೀಕ್ ಮೂಲದ್ದು. ಅದರ ಅರ್ಥ ‘ಸಾಕ್ಷಿ’. ನಮ್ಮ ಪದದಲ್ಲಿ ಅರ್ಪಣೆ ಮುಖ್ಯ, ಅವರ ಪದದಲ್ಲಿ ಸಾಕ್ಷ್ಯ ಮುಖ್ಯ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ರೋಮನ್ ಸಾಮ್ರಾಜ್ಯದ ದೇವತೆಗಳಿಗೆ ಬಲಿ ಅರ್ಪಿಸಲು ನಿರಾಕರಿಸಿದ ಅನೇಕ ಕ್ರೈಸ್ತರು ಮೊದಲ ಮೂರು ಶತಮಾನಗಳಲ್ಲಿ ಪ್ರಾಣ ತೆತ್ತರು. ಕ್ರಿ.ಶ. 203ರಲ್ಲಿ ಕಾರ್ಥೇಜ್ ನಗರದಲ್ಲಿ ಪರ್ಪೆಟುವಾ ಎಂಬ ಕುಲೀನ ಮನೆತನದ ತರುಣಿ, ಫೆಲಿಸಿಟಾಸ್ ಎಂಬ ದಾಸಿ ಒಟ್ಟಿಗೆ ಸತ್ತರು. ಆದರೆ ಸಾವನ್ನು ತಾವಾಗಿಯೇ ಹುಡುಕಿಕೊಂಡು ಹೋಗುವುದನ್ನು ಆದಿಸಭೆ ಮೆಚ್ಚಲಿಲ್ಲ. ಸ್ಮರ್ನಾದ ಬಿಷಪ್ ಪೊಲಿಕಾರ್ಪನ ಮರಣದ ಪ್ರಾಚೀನ ವೃತ್ತಾಂತದಲ್ಲಿ ಕ್ವಿಂಟಸ್ ಎಂಬುವನು ಬರುತ್ತಾನೆ. ಅವನು ತಾನಾಗಿಯೇ ಮುಂದೆ ಬಂದು, ಕಾಡುಮೃಗಗಳನ್ನು ಕಂಡೊಡನೆ ಹೆದರಿ ತನ್ನ ಧರ್ಮವನ್ನು ಕೈಬಿಟ್ಟ. ವೃತ್ತಾಂತಕಾರ ಅವನನ್ನು ಎಚ್ಚರಿಕೆಯ ಉದಾಹರಣೆಯಾಗಿ ತೋರಿಸುತ್ತಾನೆ. ಯಾತನೆ ತನ್ನಷ್ಟಕ್ಕೆ ತಾನೇ ಪುಣ್ಯವಲ್ಲ ಎಂಬ ಎಚ್ಚರ ಆರಂಭದಿಂದಲೂ ಇತ್ತೆಂಬುದು ಇದರಿಂದ ತಿಳಿಯುತ್ತದೆ.

ಇನ್ನು ನಾನು ಹೇಳಬೇಕಾದ ಪ್ರಸಂಗ. ಮ್ಯಾಕ್ಸಿಮಿಲಿಯನ್ ಕೋಲ್ಬೆ 1894ರಲ್ಲಿ ಪೋಲೆಂಡಿನಲ್ಲಿ ಹುಟ್ಟಿದವರು. ಫ್ರಾನ್ಸಿಸ್ಕನ್ ಪಂಥದ ಸಂನ್ಯಾಸಿ, ಪಾದ್ರಿ. 1927ರಲ್ಲಿ ವಾರ್ಸಾ ನಗರದ ಬಳಿ ದೊಡ್ಡದೊಂದು ಮಠವನ್ನೂ ಮುದ್ರಣಾಲಯವನ್ನೂ ಸ್ಥಾಪಿಸಿದರು. 1930ರಲ್ಲಿ ಜಪಾನಿಗೆ ತೆರಳಿ ನಾಗಸಾಕಿಯಲ್ಲಿ ಕೆಲವು ವರ್ಷ ದುಡಿದರು. ಅವರ ಮಠದಿಂದ ಹೊರಟ ಪತ್ರಿಕೆಗಳಲ್ಲಿ ಯಹೂದಿ ವಿರೋಧಿ ಬರಹಗಳೂ ಬಂದಿದ್ದವು. ಈ ಬಗ್ಗೆ ಮುಂದೆ ಟೀಕೆಗಳು ಕೇಳಿಬಂದವು. ಯುದ್ಧ ಆರಂಭವಾದ ಮೇಲೆ ಅದೇ ಮಠ ನಿರಾಶ್ರಿತರಿಗೆ, ಅವರಲ್ಲಿ ಯಹೂದಿಗಳಿಗೂ, ಆಶ್ರಯ ನೀಡಿತು. ಇತಿಹಾಸವನ್ನು ಓದುವವರು ಎರಡನ್ನೂ ಮರೆಯಬಾರದು.

1941ರ ಫೆಬ್ರವರಿಯಲ್ಲಿ ನಾಜಿಗಳು ಅವರನ್ನು ಬಂಧಿಸಿದರು. ಮೇ ತಿಂಗಳಲ್ಲಿ ಆಶ್‌ವಿಟ್ಸ್ ಶಿಬಿರಕ್ಕೆ ತಂದರು. ಅಲ್ಲಿ ಅವರು 16670ನೆಯ ಸಂಖ್ಯೆಯ ಕೈದಿ. ಜುಲೈ ಕೊನೆಯಲ್ಲಿ ಒಬ್ಬ ಕೈದಿ ಕಾಣೆಯಾದ. ಅದಕ್ಕೆ ಪ್ರತೀಕಾರವಾಗಿ ಅಧಿಕಾರಿ ಕಾರ್ಲ್ ಫ್ರಿಟ್ಸ್ ಹತ್ತು ಮಂದಿಯನ್ನು ಆರಿಸಿ, ಅವರನ್ನು ಉಪವಾಸ ಕೆಡವಿ ಕೊಲ್ಲಲು ಆಜ್ಞೆ ಮಾಡಿದ. ಆ ಹತ್ತು ಮಂದಿಯಲ್ಲಿ ಫ್ರಾನ್ಸಿಶೆಕ್ ಗಯೋವ್ನಿಚೆಕ್ ಎಂಬ ಪೋಲಿಷ್ ಸೈನಿಕನೊಬ್ಬ ತನ್ನ ಹೆಂಡತಿ ಮಕ್ಕಳನ್ನು ನೆನೆದು ಗೋಳಿಟ್ಟ. ಆಗ ಕೋಲ್ಬೆ ಸಾಲಿನಿಂದ ಹೊರಗೆ ಬಂದು, ಅವನ ಬದಲಿಗೆ ತಾವು ಹೋಗುವುದಾಗಿ ಹೇಳಿದರು. ತಾವು ಯಾರೆಂದು ಕೇಳಿದಾಗ ಕ್ಯಾಥೊಲಿಕ್ ಪಾದ್ರಿ ಎಂದರು. ಅಚ್ಚರಿಯ ಸಂಗತಿಯೆಂದರೆ, ಅಧಿಕಾರಿ ಒಪ್ಪಿದ.

ಹನ್ನೊಂದನೆಯ ಬ್ಲಾಕಿನ ನೆಲಮಾಳಿಗೆಯಲ್ಲಿ ಆ ಹತ್ತು ಮಂದಿಯನ್ನು ಕೂಡಿಹಾಕಿದರು. ದುಭಾಷಿಯಾಗಿ ಅಲ್ಲಿಗೆ ಹೋಗಬೇಕಾಗಿದ್ದ ಕೈದಿಯೊಬ್ಬ, ಒಳಗಿನಿಂದ ಪ್ರಾರ್ಥನೆಯ ದನಿ ಕೇಳಿಬರುತ್ತಿತ್ತೆಂದು ಮುಂದೆ ಹೇಳಿದ. ಎರಡು ವಾರಗಳಾದರೂ ಕೋಲ್ಬೆ ಬದುಕಿದ್ದರು. ಆಗಸ್ಟ್ 14ರಂದು ಕಾರ್ಬಾಲಿಕ್ ಆಮ್ಲದ ಚುಚ್ಚುಮದ್ದು ನೀಡಿ ಅವರನ್ನು ಕೊಂದರು.

ಇಲ್ಲಿ ಧರ್ಮಸಭೆಗೆ ಒಂದು ಪ್ರಶ್ನೆ ಎದುರಾಯಿತು. ಸಂಪ್ರದಾಯದ ಪ್ರಕಾರ ಹುತಾತ್ಮನೆನಿಸಬೇಕಾದರೆ ಕೊಂದವನು ಧರ್ಮದ್ವೇಷದಿಂದ ಕೊಂದಿರಬೇಕು. ಕೋಲ್ಬೆಯವರನ್ನು ಯಾರೂ ಧರ್ಮ ಬಿಡು ಎಂದು ಕೇಳಿರಲಿಲ್ಲ. ಹಾಗಾಗಿ 1971ರಲ್ಲಿ ಆರನೆಯ ಪೌಲ್ ಪೋಪರು ಅವರನ್ನು ಪುನೀತರೆಂದು ಘೋಷಿಸಿದಾಗ ಹುತಾತ್ಮರ ಸಾಲಿನಲ್ಲಿ ಸೇರಿಸಲಿಲ್ಲ. ಆದರೆ 1982ರ ಅಕ್ಟೋಬರ್ 10ರಂದು, ಅದೇ ಪೋಲೆಂಡಿನವರಾದ ಎರಡನೆಯ ಜಾನ್ ಪೌಲ್ ಪೋಪರು ಅವರನ್ನು ಹುತಾತ್ಮ ಸಂತರೆಂದೇ ಘೋಷಿಸಿದರು. ಮನುಷ್ಯನನ್ನೇ ದ್ವೇಷಿಸುವ ವ್ಯವಸ್ಥೆ ಧರ್ಮವನ್ನೂ ದ್ವೇಷಿಸುತ್ತದೆ ಎಂಬುದು ಆ ನಿರ್ಣಯದ ಹಿಂದಿನ ತರ್ಕ. ಚರ್ಚೆ ಅಲ್ಲಿಗೂ ನಿಲ್ಲಲಿಲ್ಲ. 2017ರಲ್ಲಿ ಫ್ರಾನ್ಸಿಸ್ ಪೋಪರು, ಪರರಿಗಾಗಿ ಪ್ರೀತಿಯಿಂದ ಜೀವವನ್ನು ಅರ್ಪಿಸಿದವರಿಗೆ ಸಂತಪದವಿಯ ಹೊಸದೊಂದು ದಾರಿಯನ್ನೇ ತೆರೆದರು. ಸಾಕ್ಷ್ಯದ ಪಕ್ಕದಲ್ಲಿ ಅರ್ಪಣೆಗೂ ಸ್ಥಾನ ದೊರೆಯಿತು. ಮೊದಲು ಹೇಳಿದ ಎರಡು ಪದಗಳು ಹೀಗೆ ಹತ್ತಿರ ಬಂದವು.

ಇನ್ನೊಂದು ಕಹಿ ಸತ್ಯವನ್ನೂ ಹೇಳಬೇಕು. ಗಯೋವ್ನಿಚೆಕ್ ಶಿಬಿರದಿಂದ ಬದುಕಿ ಬಂದರು. ಹೆಂಡತಿಯನ್ನು ಮತ್ತೆ ಕೂಡಿಕೊಂಡರು. ಆದರೆ ಯಾವ ಮಕ್ಕಳಿಗಾಗಿ ಗೋಳಿಟ್ಟರೋ ಆ ಇಬ್ಬರು ಗಂಡುಮಕ್ಕಳು 1945ರ ಬಾಂಬ್ ದಾಳಿಯಲ್ಲಿ ಸತ್ತಿದ್ದರು. ಹಾಗಾದರೆ ಕೋಲ್ಬೆಯವರ ತ್ಯಾಗ ವ್ಯರ್ಥವಾಯಿತೆ? ಲೆಕ್ಕಾಚಾರದ ದೃಷ್ಟಿಯಲ್ಲಿ ಹಾಗೆ ಕಾಣಬಹುದು. ಆದರೆ ಕ್ರೈಸ್ತರು ಶಿಲುಬೆಯನ್ನು ನೋಡುವುದು ಫಲದ ಲೆಕ್ಕದಿಂದಲ್ಲ. ಯೇಸುವಿನ ಯಾತನೆಗೆ ಬೆಲೆ ಬಂದದ್ದು ನೋವಿನ ಪ್ರಮಾಣದಿಂದಲ್ಲ, ಅದರ ಹಿಂದಿದ್ದ ಪ್ರೀತಿಯಿಂದ ಎಂಬುದು ಅವರ ನಂಬಿಕೆ. ಗಯೋವ್ನಿಚೆಕ್ 1982ರ ಸಮಾರಂಭದಲ್ಲಿ ಉಪಸ್ಥಿತರಿದ್ದರು. ತಮ್ಮ ಬದಲಿಗೆ ಸತ್ತವರ ಕಥೆಯನ್ನು ಊರೂರುಗಳಲ್ಲಿ ಹೇಳುತ್ತ 1995ರವರೆಗೆ, 93 ವರ್ಷ ತುಂಬುವವರೆಗೆ ಬಾಳಿದರು.

ಈ ಸಂದರ್ಭದಲ್ಲಿ ನಮ್ಮ ‘ಕೆರೆಗೆ ಹಾರ’ದ ಭಾಗೀರಥಿ ನೆನಪಾಗುತ್ತಾಳೆ. ಆಕೆಯ ಸಾವನ್ನು ನಿಶ್ಚಯಿಸಿದವರು ಮನೆಯ ಹಿರಿಯರು. ಕೋಲ್ಬೆ ತಾವೇ ಒಂದು ಹೆಜ್ಜೆ ಮುಂದಿಟ್ಟರು, ಅದೂ ಮತ್ತೊಬ್ಬ ಬದುಕಲೆಂದು. ಇನ್ನೊಬ್ಬರ ಮೇಲೆ ಯಾತನೆಯನ್ನು ಹೊರಿಸಿ ಅದಕ್ಕೆ ತ್ಯಾಗವೆಂದು ಹೆಸರಿಡುವವರು ಎಲ್ಲ ಕಾಲದಲ್ಲೂ, ಎಲ್ಲ ಧರ್ಮಗಳಲ್ಲೂ ಇದ್ದಾರೆ, ಮನೆಗಳಲ್ಲಿಯೂ ಇದ್ದಾರೆ. ತ್ಯಾಗವನ್ನು ಹೊಗಳುವ ಮುನ್ನ, ಅದನ್ನು ಆರಿಸಿಕೊಂಡವರು ಯಾರು, ಅದರಿಂದ ಬದುಕಿದವರು ಯಾರು ಎಂದು ಕೇಳುವುದನ್ನು ರೂಢಿಸಿಕೊಳ್ಳಿ. ಇತಿಹಾಸದ ಪಾಠದಿಂದ ಇಷ್ಟನ್ನು ಕಲಿತರೆ ಸಾಕು.